ಬಾಗಿಲು ತಟ್ಟುವ ತರುಣರು ಮತ್ತು ಅವರನ್ನು ಕಳುಹಿಸಿದ ಸಮುದಾಯ

ಬಿಳಿಯ ಅಂಗಿ, ಕೊರಳಿಗೆ ಟೈ, ಎದೆಯ ಮೇಲೊಂದು ಕಪ್ಪು ಹೆಸರುಪಟ್ಟಿ. ನಡೆಯುವಾಗಲೂ ಇಬ್ಬರು, ಬಸ್ಸು ಹತ್ತುವಾಗಲೂ ಇಬ್ಬರು. ಯೂರೋಪಿನ, ಅಮೆರಿಕ ಖಂಡಗಳ, ಪೂರ್ವ ಏಷ್ಯದ ಅನೇಕ ನಗರಗಳಲ್ಲಿ ಈ ತರುಣರ ಜೋಡಿ ಬಹುಕಾಲದಿಂದ ಪರಿಚಿತ ದೃಶ್ಯ. ವಿದೇಶಗಳಲ್ಲಿ ನೆಲೆಸಿರುವ ನಮ್ಮ ಬಂಧುಮಿತ್ರರಲ್ಲಿ ಕೆಲವರ ಮನೆಯ ಬಾಗಿಲನ್ನೂ ಇವರು ತಟ್ಟಿರಬಹುದು. ಬಾಗಿಲು ತೆರೆದವರು ಸಾಮಾನ್ಯವಾಗಿ ಎರಡು ಮಾತಿನಲ್ಲಿ ಅವರನ್ನು ಸಾಗಹಾಕುತ್ತಾರೆ. ಅವರು ಸಾರುವ ಬೋಧನೆ ಸರಿಯೇ ತಪ್ಪೇ ಎಂಬ ಚರ್ಚೆಯೂ ಆಗಾಗ ನಡೆಯುವುದುಂಟು. ಆದರೆ ಹದಿನೆಂಟು ಹತ್ತೊಂಬತ್ತರ ಹರೆಯದ ಆ ಹುಡುಗ ಯಾವ ಊರಿನಿಂದ ಬಂದ, ಬಾಗಿಲು ಮುಚ್ಚಿದ ಮೇಲೆ ಅವನ ಮನಸ್ಸಿನಲ್ಲೇನು ನಡೆಯುತ್ತದೆ, ಮನೆಗೆ ಮರಳಿದಾಗ ಅವನಿಗೇನು ಕಾದಿರುತ್ತದೆ ಎಂದು ವಿಚಾರಿಸುವವರು ವಿರಳ. ಈ ವಾರ ಆ ವಿಚಾರವನ್ನೇ ಎತ್ತಿಕೊಳ್ಳುತ್ತಿದ್ದೇನೆ. ಅನ್ಯರ ಮನೆಯ ಸುದ್ದಿ ನಮಗೇಕೆ ಎಂದು ವಾಚಕರು ಕೇಳಬಹುದು. ಮಕ್ಕಳನ್ನು ದೇವರ ಕೆಲಸಕ್ಕೆಂದು ಕಳುಹಿಸಿಕೊಡುವ ಯಾವುದೇ ಸಮುದಾಯಕ್ಕೂ ಇದರಲ್ಲಿ ಪಾಠವಿದೆ ಎಂಬುದು ನನ್ನ ಉತ್ತರ.

ಜನರು 'ಮಾರ್ಮನ್' ಎಂದು ಕರೆಯುವ ಈ ಪಂಥದ ಪೂರ್ಣ ಹೆಸರು 'ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್‌-ಡೇ ಸೇಂಟ್ಸ್'. ಕನ್ನಡದಲ್ಲಿ ಹೇಳುವುದಾದರೆ, ಅಂತಿಮ ದಿನಗಳ ಸಂತರ ಯೇಸು ಕ್ರಿಸ್ತರ ಸಭೆ. ಜೋಸೆಫ್ ಸ್ಮಿತ್ ಎಂಬಾತನು 1830ರ ಎಪ್ರಿಲ್ 6ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಇದನ್ನು ಸ್ಥಾಪಿಸಿದನು. ಬೈಬಲಿನ ಜೊತೆಗೆ ಅವರು ಪವಿತ್ರವೆಂದು ಮಾನ್ಯ ಮಾಡುವ 'ಬುಕ್ ಆಫ್ ಮಾರ್ಮನ್' ಎಂಬ ಗ್ರಂಥದಿಂದ ಆ ಅಡ್ಡಹೆಸರು ಬಂತು. ಅದನ್ನು ಬಳಸದೆ ಪೂರ್ಣ ಹೆಸರನ್ನೇ ಬಳಸಬೇಕೆಂದು ಆ ಸಭೆಯ ಅಂದಿನ ಅಧ್ಯಕ್ಷ ರಸ್ಸೆಲ್ ನೆಲ್ಸನ್ 2018ರಲ್ಲಿ ಕೇಳಿಕೊಂಡಿದ್ದರು. ವಾಚಕರಿಗೆ ಸುಲಭವಾಗಲೆಂದು ಮಾತ್ರ ಇಲ್ಲಿ ರೂಢಿಯ ಹೆಸರನ್ನು ಉಳಿಸಿಕೊಂಡಿದ್ದೇನೆ.

ಧರ್ಮಪ್ರಚಾರ ಈ ಸಭೆಗೆ ಹುಟ್ಟಿನಿಂದಲೇ ಬಂದ ಗುಣ. ಸ್ಥಾಪನೆಯಾದ ವರ್ಷವೇ ಸಂಸ್ಥಾಪಕನ ತಮ್ಮ ಸ್ಯಾಮುಯೆಲ್ ಸ್ಮಿತ್ ಚೀಲದಲ್ಲಿ ಗ್ರಂಥಗಳನ್ನು ತುಂಬಿಕೊಂಡು ಊರೂರು ಅಲೆದನು. 1837ರಲ್ಲಿ ಹೀಬರ್ ಕಿಂಬಲ್ ಮತ್ತು ಸಂಗಡಿಗರು ಸಾಗರ ದಾಟಿ ಇಂಗ್ಲೆಂಡಿನ ಪ್ರೆಸ್ಟನ್ ಪಟ್ಟಣಕ್ಕೆ ಬಂದರು. ಆ ವರ್ಷದ ಜುಲೈ ತಿಂಗಳಲ್ಲಿ ರಿಬ್ಬಲ್ ನದಿಯಲ್ಲಿ ಅವರ ಮೊದಲ ದೀಕ್ಷಾಸ್ನಾನಗಳು ನಡೆದವು. 1839ರಲ್ಲಿ ಇದೇ ಕಿಂಬಲ್ ಮತ್ತು ಬ್ರಿಗಮ್ ಯಂಗ್ ಮತ್ತೊಮ್ಮೆ ಇಂಗ್ಲೆಂಡಿಗೆ ಹೊರಟಾಗ ಇಬ್ಬರಿಗೂ ಚಳಿಜ್ವರ, ಮನೆಯಲ್ಲಿ ಹಾಸಿಗೆ ಹಿಡಿದ ಹೆಂಡತಿ, ಎಳೆಯ ಮಕ್ಕಳು, ಕೈಯಲ್ಲಿ ಕಾಸಿಲ್ಲ. ಆ ಕಾಲದ ಪ್ರಚಾರಕರಲ್ಲಿ ಹೆಚ್ಚಿನವರು ಸಂಸಾರಸ್ಥರೇ ಆಗಿದ್ದರು. ಹೋದವನು ಯಾವಾಗ ಬರುವನೆಂದು ಹೇಳುವಂತಿರಲಿಲ್ಲ. ಅವಿವಾಹಿತ ತರುಣಿಯರನ್ನು ಅಧಿಕೃತವಾಗಿ ಕಳುಹಿಸಲು ಆರಂಭಿಸಿದ್ದು 1898ರಲ್ಲಿ.

ಎಲ್ಲೆಡೆಯೂ ಪ್ರೆಸ್ಟನ್ನಿನ ಯಶಸ್ಸು ದೊರೆಯಲಿಲ್ಲ. 1853ರಲ್ಲಿ ಒಂದು ತಂಡ ದೀರ್ಘ ಸಮುದ್ರಯಾನ ಮಾಡಿ ಕಲ್ಕತ್ತಕ್ಕೆ ಬಂದಿಳಿಯಿತು. ಅವರಲ್ಲಿ ಕೆಲವರು ಮದರಾಸಿಗೂ ಹೋದರು. ಬಿಸಿಲು, ಬೇನೆ, ಬ್ರಿಟಿಷ್ ಸಮಾಜದ ತಾತ್ಸಾರ ಇವುಗಳ ನಡುವೆ ಒಂದೆರಡು ವರ್ಷ ಅಲೆದು, 1856ರ ವೇಳೆಗೆ ಹೆಚ್ಚುಕಡಿಮೆ ಬರಿಗೈಯಲ್ಲೇ ಹಿಂದಿರುಗಿದರು. ಏರಿನ ಕಥೆ ಪ್ರೆಸ್ಟನ್ನಿನದಾದರೆ ಇಳಿವಿನ ಕಥೆ ನಮ್ಮ ನೆಲದ್ದು. ಎರಡೂ ಕಡೆಗೆ ಹೋದವರ ಶ್ರದ್ಧೆ ಒಂದೇ ಬಗೆಯದು ಎಂಬುದನ್ನು ಇಲ್ಲಿಯೇ ಗಮನಿಸಿಕೊಳ್ಳೋಣ.

ಕರೆಯೋಲೆ ಬಂದ ಮೇಲೆ

ಇಂದಿನ ಪದ್ಧತಿ ಹೀಗಿದೆ. ತರುಣನು ಅರ್ಜಿ ಸಲ್ಲಿಸುತ್ತಾನೆ. ವೈದ್ಯಕೀಯ ತಪಾಸಣೆ, ಸ್ಥಳೀಯ ಹಿರಿಯರ ಸಂದರ್ಶನ ಆಗುತ್ತವೆ. ಬಳಿಕ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯ ಕೇಂದ್ರ ಕಚೇರಿಯಿಂದ ಕರೆ ಬರುತ್ತದೆ. ಯಾವ ದೇಶ, ಯಾವ ಭಾಷೆ ಎಂಬುದನ್ನು ಆರಿಸುವ ಅಧಿಕಾರ ಅವನಿಗಿಲ್ಲ. ತರುಣರಿಗೆ ಅವಧಿ 24 ತಿಂಗಳು, ತರುಣಿಯರಿಗೆ 18 ತಿಂಗಳು. ಹೊರಡುವ ವಯಸ್ಸನ್ನು 2012ರ ಅಕ್ಟೋಬರದಲ್ಲಿ ಅಂದಿನ ಅಧ್ಯಕ್ಷ ಥಾಮಸ್ ಮಾನ್ಸನ್ ತರುಣರಿಗೆ 19ರಿಂದ 18ಕ್ಕೆ, ತರುಣಿಯರಿಗೆ 21ರಿಂದ 19ಕ್ಕೆ ಇಳಿಸಿದರು. 2025ರಲ್ಲಿ ತರುಣಿಯರಿಗೂ 18 ಎಂದಾಯಿತು. ಸಂಬಳವಿಲ್ಲ. ಖರ್ಚನ್ನು ತರುಣ ಅಥವಾ ಅವನ ಮನೆಯವರು ಭರಿಸಬೇಕು. ಅಮೆರಿಕದಂತಹ ಶ್ರೀಮಂತ ದೇಶಗಳವರು ತೆರಬೇಕಾದ ಮಾಸಿಕ ಮೊತ್ತ 2020ರ ಜುಲೈಯಲ್ಲಿ 400ರಿಂದ 500 ಡಾಲರಿಗೆ ಏರಿತು. ಆ ಲೆಕ್ಕದಲ್ಲಿ ಎರಡು ವರ್ಷಕ್ಕೆ 12 ಸಾವಿರ ಡಾಲರುಗಳಾಗುತ್ತವೆ. ಮಗನ ಎಳವೆಯಿಂದಲೇ ಈ ವೆಚ್ಚಕ್ಕೆಂದು ಹಣ ಕೂಡಿಡುವ ಕುಟುಂಬಗಳಿವೆ.

ಯೂಟಾದ ಪ್ರೋವೋ ನಗರದಲ್ಲಿ ಇವರಿಗಾಗಿ ದೊಡ್ಡದೊಂದು ತರಬೇತಿ ಕೇಂದ್ರವಿದೆ. ಅಲ್ಲಿ ಐವತ್ತಕ್ಕೂ ಹೆಚ್ಚು ಭಾಷೆಗಳನ್ನು ಕಲಿಸುತ್ತಾರೆ. ಕೆಲವೇ ವಾರಗಳ ಪಾಠ. ಆ ಬಳಿಕ ವಿಮಾನ. ಅಲ್ಲಿಂದ ಮುಂದೆ ಹುಡುಗನ ಮೊದಲ ಹೆಸರು ಮರೆಗೆ ಸರಿಯುತ್ತದೆ. ಅವನು 'ಎಲ್ಡರ್', ಅವಳು 'ಸಿಸ್ಟರ್'. ಜೊತೆಗೆ ಮನೆತನದ ಹೆಸರು ಮಾತ್ರ. ಬೆಳಗ್ಗೆ ಆರೂವರೆಗೆ ಏಳಬೇಕು, ರಾತ್ರಿ ಹತ್ತೂವರೆಗೆ ದೀಪ ಆರಬೇಕು ಎಂಬುದು ದೀರ್ಘಕಾಲ ನಡೆದುಬಂದ ದಿನಚರಿ. 2017ರ ಬಳಿಕ ಆಯಾ ಪ್ರದೇಶಕ್ಕೆ ತಕ್ಕಂತೆ ಅದನ್ನು ಸ್ವಲ್ಪ ಸಡಿಲಗೊಳಿಸಲಾಯಿತು. ಪ್ರೇಮ ಪ್ರಸಂಗ, ಸಿನಿಮಾ, ವಿಹಾರ ಇವಕ್ಕೆ ಅವಕಾಶವಿಲ್ಲ. ವಾರದಲ್ಲಿ ಒಂದು ದಿನ ಬಟ್ಟೆ ಒಗೆಯಲು, ಸಾಮಾನು ತರಲು, ಮನೆಗೆ ಬರೆಯಲು ಬಿಡುವು.

ಎಲ್ಲಕ್ಕಿಂತ ಕಠಿಣವಾದುದು ಜೊತೆಗಾರನ ನಿಯಮ. ಯೇಸುಸ್ವಾಮಿ ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸಿದ ಕ್ರಮವನ್ನು ಇವರು ಅಕ್ಷರಶಃ ಪಾಲಿಸುತ್ತಾರೆ. ಜೊತೆಗಾರನನ್ನು ಆರಿಸುವುದು ಮಿಷನ್ ಅಧ್ಯಕ್ಷರು. ಇಬ್ಬರೂ ಸದಾ ಒಬ್ಬರಿಗೊಬ್ಬರು ಕಾಣುವಂತೆ, ಕೇಳಿಸುವಂತೆ ಇರತಕ್ಕದ್ದು. ಕೆಲವು ವಾರಗಳೋ ತಿಂಗಳುಗಳೋ ಕಳೆದ ಮೇಲೆ ಮತ್ತೊಬ್ಬ ಜೊತೆಗಾರ, ಮತ್ತೊಂದು ಊರು. ಸ್ವಭಾವ ಹೊಂದಿದರೆ ಅದು ಜೀವಮಾನದ ಸ್ನೇಹವಾಗುತ್ತದೆ. ಹೊಂದದಿದ್ದರೆ ಒಂದೇ ಕೋಣೆ, ಒಂದೇ ಊಟದ ಮೇಜು, ಒಂದೇ ದಾರಿ ಎಲ್ಲವೂ ಮೌನದ ಸೆರೆಮನೆ. ಮದುವೆಯಾದವರಿಗಾದರೂ ಹಗಲು ಕೆಲಸಕ್ಕೆ ಹೋಗುವ ಬಿಡುವಿರುತ್ತದೆ, ಇವರಿಗೆ ಅದೂ ಇಲ್ಲ.

ಏರು

ಈ ಬದುಕಿನಿಂದ ದೊರೆಯುವ ಲಾಭವನ್ನು ಅಲ್ಲಗಳೆಯುವುದು ಅನ್ಯಾಯವಾದೀತು. ಮೊದಲನೆಯದು ಭಾಷೆ. ಪುಸ್ತಕದಿಂದ ಕಲಿತ ಭಾಷೆಗೂ ಪರರ ಅಡುಗೆಮನೆಯಲ್ಲಿ ಕುಳಿತು ಕಲಿತ ಭಾಷೆಗೂ ಬಹಳ ಅಂತರವಿದೆ. ತೈವಾನಿನಲ್ಲಿ ಮಿಷನರಿಯಾಗಿ ಚೀನೀ ಭಾಷೆ ಕಲಿತ ಜಾನ್ ಹಂಟ್ಸ್‌ಮನ್ 2009ರಿಂದ 2011ರವರೆಗೆ ಚೀನದಲ್ಲಿ ಅಮೆರಿಕದ ರಾಯಭಾರಿಯಾದರು. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಸಿದ್ಧ ಪ್ರಾಧ್ಯಾಪಕರಾಗಿದ್ದ ಕ್ಲೇಟನ್ ಕ್ರಿಸ್ಟೆನ್ಸನ್ 1971ರಿಂದ 1973ರವರೆಗೆ ದಕ್ಷಿಣ ಕೊರಿಯದಲ್ಲಿ ಸೇವೆ ಸಲ್ಲಿಸಿ ಕೊರಿಯನ್ ಭಾಷೆಯನ್ನು ಸುಲಲಿತವಾಗಿ ಆಡುತ್ತಿದ್ದರು. ಹೆಸರು ಬಾರದ ಸಾವಿರಾರು ಮಂದಿ ಪೋರ್ಚುಗೀಸ್, ಜಪಾನಿ, ತಗಾಲೊಗ್ ಭಾಷೆಗಳನ್ನು ಮನೆಗೆ ಕೊಂಡೊಯ್ದಿದ್ದಾರೆ.

ಎರಡನೆಯ ಲಾಭ ಇನ್ನೂ ಹಿರಿದು. ಸುಖವಾಗಿ ಬೆಳೆದ ಹುಡುಗನೊಬ್ಬ ಲ್ಯಾಟಿನ್ ಅಮೆರಿಕದ ಅಥವಾ ಫಿಲಿಪ್ಪೀನ್ಸಿನ ಬಡಕೇರಿಯೊಂದರಲ್ಲಿ, ನೀರು ಹೊತ್ತು ತರುವ ಮನೆಯಲ್ಲಿ, ಒಂದು ತಟ್ಟೆ ಅನ್ನಕ್ಕೆ ಅತಿಥಿಯಾಗುತ್ತಾನೆ. ಕೊಡಲೆಂದು ಹೋದವನು ಪಡೆಯುವವನಾಗುತ್ತಾನೆ. ಆತಿಥ್ಯವೆಂದರೇನೆಂದು ಅವನು ಕಲಿಯುವುದು ಅಲ್ಲಿ. ತನ್ನ ಬಡ್ತಿ, ತನ್ನ ವಾಹನ, ತನ್ನ ಮನೆ ಎಂದು ಲೆಕ್ಕ ಹಾಕುವ ಪ್ರಾಯದಲ್ಲಿ ಎರಡು ವರ್ಷ ಅನ್ಯರ ದುಃಖಕ್ಕೆ ಕಿವಿಗೊಡುವುದು ಸಣ್ಣ ಶಿಕ್ಷಣವಲ್ಲ. ಕಾಲೇಜಿನ ಓದನ್ನು ನಡುವೆ ನಿಲ್ಲಿಸಿ, ಸ್ವಂತ ಹಣದಲ್ಲಿ, ಯಾಜಕ ಪಟ್ಟವಾಗಲಿ ಆಜೀವ ವ್ರತವಾಗಲಿ ಇಲ್ಲದೆ ಶ್ರೀಸಾಮಾನ್ಯ ಮನೆತನಗಳ ಮಕ್ಕಳು ಇಷ್ಟು ದೊಡ್ಡ ಪ್ರಮಾಣದಲ್ಲಿ ಹೊರಡುವ ಉದಾಹರಣೆ ಜಗತ್ತಿನಲ್ಲಿ ಹೆಚ್ಚಿಲ್ಲ. 2024ರ ಕೊನೆಗೆ ಇವರ ಸಂಖ್ಯೆ 74 ಸಾವಿರವನ್ನು ದಾಟಿತ್ತು.

ಇಳಿವು

ಇನ್ನು ಇಳಿವಿನ ಮಾತು. ದೇಹಕ್ಕೆ ಬರುವ ಅಪಾಯ ಒಂದು ಬಗೆ. ಮುಂದೆ 2012ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ ಮಿಟ್ ರಾಮ್ನಿ 1966ರಿಂದ 1968ರವರೆಗೆ ಫ್ರಾನ್ಸಿನಲ್ಲಿ ಮಿಷನರಿಯಾಗಿದ್ದರು. 1968ರ ಜೂನ್ ತಿಂಗಳಲ್ಲಿ ಅವರು ನಡೆಸುತ್ತಿದ್ದ ಕಾರಿಗೆ ಎದುರಿನಿಂದ ಬಂದ ವಾಹನ ಡಿಕ್ಕಿ ಹೊಡೆದು, ಮಿಷನ್ ಅಧ್ಯಕ್ಷರ ಪತ್ನಿ ತೀರಿಕೊಂಡರು. ತೀವ್ರ ಗಾಯಗೊಂಡಿದ್ದ ರಾಮ್ನಿಗೆ ಆಗ 21 ವರ್ಷ. ಚೇತರಿಸಿಕೊಂಡು, ಶೋಕದಲ್ಲಿ ಮುಳುಗಿದ ಮಿಷನ್ನಿನ ಆಡಳಿತಕ್ಕೆ ಅವರು ಹೆಗಲು ಕೊಡಬೇಕಾಯಿತು. 1989ರ ಮೇ ತಿಂಗಳಲ್ಲಿ ಬೊಲಿವಿಯದ ಲಾ ಪಾಸ್ ನಗರದಲ್ಲಿ ಉಗ್ರರು ಇಬ್ಬರು ಮಿಷನರಿಗಳನ್ನು ಗುಂಡಿಟ್ಟು ಕೊಂದರು. 1998ರಲ್ಲಿ ರಷ್ಯದ ಸರಾತೋವ್ ನಗರದಲ್ಲಿ ಇಬ್ಬರು ಅಪಹೃತರಾಗಿ ಕೆಲವು ದಿನಗಳ ಬಳಿಕ ಬಿಡುಗಡೆಗೊಂಡರು. 2016ರ ಮಾರ್ಚ್ 22ರಂದು ಬ್ರಸೆಲ್ಸ್ ವಿಮಾನ ನಿಲ್ದಾಣದಲ್ಲಿ ಬಾಂಬು ಸಿಡಿದಾಗ ಗಾಯಗೊಂಡವರಲ್ಲಿ ಮಾರ್ಮನ್ ಮಿಷನರಿಗಳೂ ಇದ್ದರು. ದೂರದ ಯೂಟಾದಲ್ಲಿ ಕುಳಿತ ತಾಯಂದಿರ ಎದೆಬಡಿತವನ್ನು ನಾವು ಊಹಿಸಬಹುದು.

ಸರಕಾರಗಳ ಮುನಿಸು ಇನ್ನೊಂದು ಬಗೆ. 1989ರ ಜೂನ್‌ನಲ್ಲಿ ಘಾನಾ ಸರಕಾರ ಈ ಸಭೆಯ ಚಟುವಟಿಕೆಗಳನ್ನು ನಿಷೇಧಿಸಿ ವಿದೇಶೀ ಮಿಷನರಿಗಳನ್ನು ಹೊರಗೆ ಕಳುಹಿಸಿತು. ನಿಷೇಧ ತೆರವಾದದ್ದು 1990ರ ನವೆಂಬರ್‌ನಲ್ಲಿ. 2016ರಲ್ಲಿ ರಷ್ಯ ಹೊಸ ಕಾನೂನು ಮಾಡಿ ಪ್ರಾರ್ಥನಾಲಯಗಳ ಹೊರಗೆ ಧರ್ಮಪ್ರಚಾರವನ್ನು ನಿರ್ಬಂಧಿಸಿದಾಗ, ಅಲ್ಲಿನ ತರುಣರು 'ಸ್ವಯಂಸೇವಕ'ರೆಂಬ ಹೆಸರಿನಲ್ಲಿ ಬಾಗಿಲು ತಟ್ಟದೆ ಉಳಿಯಬೇಕಾಯಿತು. 2020ರ ಮಾರ್ಚ್ ತಿಂಗಳಲ್ಲಿ ಕೊರೊನಾ ಪಿಡುಗು ಹರಡಿದಾಗ ಹತ್ತಾರು ಸಾವಿರ ಮಂದಿಯನ್ನು ಕೆಲವೇ ವಾರಗಳಲ್ಲಿ ಸ್ವದೇಶಗಳಿಗೆ ಕರೆಸಿಕೊಳ್ಳಲಾಯಿತು. ಫಿಲಿಪ್ಪೀನ್ಸಿನಿಂದ ಬಂದವರನ್ನು ಎದುರುಗೊಳ್ಳಲು ಸಾಲ್ಟ್ ಲೇಕ್ ಸಿಟಿಯ ವಿಮಾನ ನಿಲ್ದಾಣದಲ್ಲಿ ಕುಟುಂಬಗಳು ಕಿಕ್ಕಿರಿದು ಸೇರಿ ಅಧಿಕಾರಿಗಳ ಟೀಕೆಗೆ ಗುರಿಯಾದರು. ಹಲವರಿಗೆ ಅಲ್ಲಿಗೇ ಸೇವೆ ಮುಗಿಯಿತು. ಕಲಿತ ಭಾಷೆ, ಕಟ್ಟಿದ ಸ್ನೇಹ, ಮುಗಿಸದ ಕೆಲಸ ಎಲ್ಲವನ್ನೂ ಒಂದು ಪೆಟ್ಟಿಗೆಯಲ್ಲಿ ತುಂಬಿ ತರಲಾಗದು.

ಆದರೆ ಪತ್ರಿಕೆಗಳಲ್ಲಿ ಅಚ್ಚಾಗದ ಕಷ್ಟವೇ ದೊಡ್ಡದು. ಅದು ದಿನದಿನದ ತಿರಸ್ಕಾರ. ಪಶ್ಚಿಮ ಯೂರೋಪಿನಲ್ಲಿ ಎರಡು ವರ್ಷ ನಡೆದೂ ಒಬ್ಬನಿಗೂ ದೀಕ್ಷಾಸ್ನಾನ ಕೊಡಲಾಗದೆ ಮರಳುವ ತರುಣನಿರಬಹುದು. ಅದೇ ಹೊತ್ತಿನಲ್ಲಿ ಪಶ್ಚಿಮ ಆಫ್ರಿಕದಲ್ಲಿರುವ ಅವನ ಸಹಪಾಠಿ ವಾರವಾರವೂ ದೀಕ್ಷಾಸ್ನಾನಗಳ ಸುದ್ದಿ ಬರೆಯುತ್ತಿರಬಹುದು. ಅವನ ಪ್ರಾರ್ಥನೆಯನ್ನು ದೇವರು ಕೇಳಿದನು, ನನ್ನದನ್ನೇಕೆ ಕೇಳಲಿಲ್ಲ ಎಂಬ ಪ್ರಶ್ನೆ ಹತ್ತೊಂಬತ್ತರ ಹೃದಯವನ್ನು ಕೊರೆಯದೆ ಬಿಟ್ಟೀತೆ? ಮನೆಯ ದನಿ ಕೇಳುವುದಕ್ಕೂ ಹಿಂದೆ ಬರವಿತ್ತು. ಕ್ರಿಸ್ಮಸ್ಸಿಗೊಂದು, ತಾಯಂದಿರ ದಿನಕ್ಕೊಂದು, ಹೀಗೆ ವರ್ಷಕ್ಕೆ ಎರಡೇ ದೂರವಾಣಿ ಕರೆಗಳಿಗೆ ಅನುಮತಿ. 2019ರ ಫೆಬ್ರವರಿಯಲ್ಲಿ ಆ ನಿಯಮವನ್ನು ಬದಲಿಸಿ ವಾರಕ್ಕೊಮ್ಮೆ ಮಾತನಾಡಲು ಬಿಟ್ಟರು. ಶಿಸ್ತು ಕೆಟ್ಟೀತೆಂಬ ಭಯಕ್ಕಿಂತ ತಾಯಿಯ ದನಿಯ ಬಲ ಹೆಚ್ಚೆಂದು ಹಿರಿಯರಿಗೆ ಮನವರಿಕೆಯಾದದ್ದು ಸಂತೋಷದ ಸಂಗತಿ.

ಎಣಿಕೆಯ ಹಂಗು

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಈ ಪದ್ಧತಿಯಲ್ಲಿ ನೋವಿನ ಮೂಲ ಎರಡು: ಒಂದು, ಫಲವನ್ನು ತಲೆಯೆಣಿಕೆಯಿಂದ ಅಳೆಯುವ ಮನೋಭಾವ, ಇನ್ನೊಂದು, ಹೊರಡುವುದನ್ನೇ ಯೋಗ್ಯತೆಯ ಗುರುತಾಗಿಸಿದ ಸಮುದಾಯದ ನೋಟ.

ಅಂಕಿಗಳನ್ನೇ ನೋಡಿರಿ. 2012ರ ಕೊನೆಗೆ ಇವರ ಮಿಷನರಿಗಳು ಸುಮಾರು 59 ಸಾವಿರ. ಆ ವರ್ಷ ಹೊಸದಾಗಿ ಸೇರಿದವರು ಸುಮಾರು 2 ಲಕ್ಷ 72 ಸಾವಿರ. ವಯೋಮಿತಿ ಇಳಿದ ಬಳಿಕ 2014ರ ಕೊನೆಗೆ ಮಿಷನರಿಗಳು 85 ಸಾವಿರಕ್ಕೆ ಏರಿದರು. ಸೇರಿದವರು ಸುಮಾರು 2 ಲಕ್ಷ 97 ಸಾವಿರ. ಕಳುಹಿಸಿದವರ ಸಂಖ್ಯೆ ನೂರಕ್ಕೆ 44ರಷ್ಟು ಬೆಳೆದರೆ ಬಂದವರ ಸಂಖ್ಯೆ ನೂರಕ್ಕೆ 9ರಷ್ಟು ಮಾತ್ರ ಬೆಳೆಯಿತು. ಹೆಚ್ಚಿನ ಹುಡುಗರು ಸೋಮಾರಿಗಳಾಗಿಬಿಟ್ಟರೆಂದು ಇದರ ಅರ್ಥವೇ? ಖಂಡಿತ ಅಲ್ಲ. ಯಾವ ದೇಶ, ಯಾವ ಕಾಲ, ಎಂತಹ ಜನ ಎಂಬುದನ್ನು ಅವಲಂಬಿಸಿದ ಫಲವನ್ನು ಒಬ್ಬ ತರುಣನ ಭಕ್ತಿಯ ಅಳತೆಗೋಲಾಗಿ ಹಿಡಿಯಕೂಡದು ಎಂಬುದೇ ಇದರ ಅರ್ಥ. ಹೊಲ ಯಾವುದೆಂದು ಆರಿಸುವ ಹಕ್ಕೇ ಇಲ್ಲದವನನ್ನು ಬೆಳೆಯ ಲೆಕ್ಕ ಕೇಳುವುದು ನ್ಯಾಯವಲ್ಲ.

ಎಣಿಕೆಯ ಹುಚ್ಚು ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಆ ಸಭೆಯ ಚರಿತ್ರೆಯಲ್ಲೇ ಸಾಕ್ಷಿಯಿದೆ. 1960ರ ಆಸುಪಾಸಿನಲ್ಲಿ ಬ್ರಿಟನ್ನಿನಲ್ಲಿ ಹುಡುಗರನ್ನು ಬೇಸ್‌ಬಾಲ್ ಆಟಕ್ಕೆಂದು ಕರೆದು, ಗುರಿ ಮುಟ್ಟುವ ಅವಸರದಲ್ಲಿ ಅವರಿಗೆ ದೀಕ್ಷಾಸ್ನಾನ ಕೊಟ್ಟುಬಿಡುವ ಚಾಳಿ ಹಬ್ಬಿತ್ತು. ತಾವು ಯಾವುದಕ್ಕೆ ಸೇರಿದೆವೆಂದೇ ಅರಿಯದ ಆ ಮಕ್ಕಳಲ್ಲಿ ಬಹುಮಂದಿ ಮತ್ತೆ ಆಲಯದತ್ತ ಮುಖ ಹಾಕಲಿಲ್ಲ. ಕೊನೆಗೆ ಸಭೆಯ ಹಿರಿಯರೇ ಅದನ್ನು ನಿಲ್ಲಿಸಬೇಕಾಯಿತು. ಚಿಲಿ ದೇಶದ ಸಂಗತಿ ಇನ್ನೂ ಕಣ್ಣು ತೆರೆಸುವಂತಹದು. ಅಲ್ಲಿ ಸಭೆಯ ಪಟ್ಟಿಯಲ್ಲಿ 5 ಲಕ್ಷಕ್ಕೂ ಹೆಚ್ಚು ಹೆಸರುಗಳಿದ್ದವು. 2002ರ ಜನಗಣತಿಯಲ್ಲಿ ತಾವು ಮಾರ್ಮನರೆಂದು ಹೇಳಿಕೊಂಡವರು ಸುಮಾರು 1 ಲಕ್ಷ 4 ಸಾವಿರ ಮಾತ್ರ. ಅದೇ ವರ್ಷ ಆ ಸಭೆಯ ಹನ್ನೆರಡು ಪ್ರೇಷಿತರಲ್ಲೊಬ್ಬರಾದ ಜೆಫ್ರಿ ಹಾಲಂಡ್ ಅವರನ್ನು ಎರಡು ವರ್ಷ ಚಿಲಿಯಲ್ಲೇ ನೆಲೆಸಲು ಕಳುಹಿಸಲಾಯಿತು. ತಂದವರನ್ನು ಉಳಿಸಿಕೊಳ್ಳುವುದು ತರುವುದಕ್ಕಿಂತ ಕಷ್ಟವೆಂಬುದು ಅಲ್ಲಿ ಕಲಿತ ಪಾಠ.

ಇಲ್ಲಿ ಬಾಗಿಲಿನ ಒಳಗಿರುವವನ ಗೌರವದ ಪ್ರಶ್ನೆಯೂ ಇದೆ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್‌ನಲ್ಲಿ ಹೊರಡಿಸಿದ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆ, ವಿಶ್ವಾಸವನ್ನು ಸಾರುವಾಗ ಬಲಾತ್ಕಾರದ ಸೋಂಕೂ, ಬಡವರ ಮತ್ತು ಓದು ತಿಳಿಯದವರ ಅಸಹಾಯಕತೆಯನ್ನು ಬಳಸಿಕೊಳ್ಳುವ ಅಗೌರವದ ವರ್ತನೆಯೂ ಇರಕೂಡದೆಂದು ಸ್ಪಷ್ಟಪಡಿಸಿದೆ. ಗುರಿಯ ಅಂಕಿ ತಲೆಯ ಮೇಲೆ ಕುಳಿತಾಗ ಮೊದಲು ಮರೆತುಹೋಗುವುದು ಈ ವಿವೇಕವೇ. ಇದು ಮಾರ್ಮನರಿಗೆ ಮಾತ್ರ ಹೇಳುವ ಮಾತಲ್ಲ. ಶುಭಸಂದೇಶವನ್ನು ಸಾರುವ ಹೊಣೆ ಹೊತ್ತ ಎಲ್ಲರಿಗೂ ಸಲ್ಲುತ್ತದೆ.

ಅವಧಿಗೆ ಮುನ್ನ ಮರಳಿದವನು

ಎರಡನೆಯ ನೋವು ಇನ್ನೂ ಆಳವಾದುದು. 1973ರಿಂದ 1985ರವರೆಗೆ ಅಧ್ಯಕ್ಷರಾಗಿದ್ದ ಸ್ಪೆನ್ಸರ್ ಕಿಂಬಲ್ ಅವರ ಕಾಲದಿಂದ, ಯೋಗ್ಯನಾದ ಪ್ರತಿಯೊಬ್ಬ ತರುಣನೂ ಹೊರಡತಕ್ಕದ್ದು ಎಂಬ ಬೋಧನೆ ಬಲವಾಯಿತು. ತರುಣಿಯರಿಗೆ ಅದು ಐಚ್ಛಿಕ, ತರುಣರಿಗೆ ಕರ್ತವ್ಯ. ಕರ್ತವ್ಯವೆಂದ ಮೇಲೆ ಹೋಗದವನು ಯಾರು, ಅರ್ಧದಲ್ಲಿ ಬಂದವನು ಯಾರು ಎಂದು ಬೆರಳು ತೋರಿಸುವ ಕಣ್ಣುಗಳೂ ಹುಟ್ಟುತ್ತವೆ. ಎರಡು ವರ್ಷ ಮುಗಿಸಿದವನನ್ನು ವಿಮಾನ ನಿಲ್ದಾಣದಲ್ಲಿ ಬಾವುಟ, ಬಲೂನುಗಳೊಂದಿಗೆ ಸ್ವಾಗತಿಸುತ್ತಾರೆ. ಆರನೆಯ ತಿಂಗಳಲ್ಲಿ ಮನಸ್ಸು ಕುಗ್ಗಿಯೋ, ದೇಹ ಸೋತೋ, ಸಂಶಯ ಕಾಡಿಯೋ ಮರಳಿದವನಿಗೆ ಅದಿಲ್ಲ. ಭಾನುವಾರ ಆರಾಧನೆಗೆ ಹೋದರೆ 'ಏಕೆ ಬಂದೆ' ಎಂಬ ಪ್ರಶ್ನೆ, ಪ್ರಶ್ನೆ ಕೇಳದವರ ಮೌನದಲ್ಲಿ ಇನ್ನೂ ದೊಡ್ಡ ಪ್ರಶ್ನೆ. ತಂದೆ ತಾಯಿ ಸಹ ನೆರೆಯವರಿಗೆ ಏನು ಹೇಳುವುದೆಂದು ತಡವರಿಸುತ್ತಾರೆ.

ಆ ಸಭೆ ಈ ಕುರಿತು ಕೈಕಟ್ಟಿ ಕುಳಿತಿಲ್ಲವೆಂಬುದನ್ನೂ ಹೇಳಬೇಕು. ಆರೋಗ್ಯದ ಕಾರಣದಿಂದ ದೂರ ಹೋಗಲಾರದವರು ಮನೆಯಲ್ಲಿದ್ದುಕೊಂಡೇ ಅನ್ನದಾನ ಕೇಂದ್ರ, ಆಸ್ಪತ್ರೆ ಮೊದಲಾದೆಡೆ ದುಡಿಯುವ 'ಸೇವಾ ಮಿಷನ್' ವ್ಯವಸ್ಥೆಯನ್ನು 2019ರ ಆರಂಭದಿಂದ ಅಮೆರಿಕ ಮತ್ತು ಕೆನಡಾಗಳಲ್ಲಿ ವಿಸ್ತರಿಸಲಾಯಿತು. ಇದು ಒಳ್ಳೆಯ ಹೆಜ್ಜೆ. ಆದರೆ ನಿಯಮ ಬದಲಾದಷ್ಟು ಬೇಗ ನೆರೆಹೊರೆಯ ನಾಲಗೆ ಬದಲಾಗುವುದಿಲ್ಲ.

ಹದಿನೆಂಟರ ಹುಡುಗನಿಗೆ ಇಷ್ಟು ಭಾರ ಸಲ್ಲದು, ಈ ಪದ್ಧತಿಯೇ ಬೇಡ ಎನ್ನುವವರಿದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ಅನೇಕ ದೇಶಗಳು ಅದೇ ಪ್ರಾಯದವರ ಕೈಗೆ ಬಂದೂಕು ಕೊಟ್ಟು ಗಡಿಗೆ ಕಳುಹಿಸುತ್ತವೆ. ಗ್ರಂಥ ಹಿಡಿಯಲು ಮಾತ್ರ ಎಳೆಯರೆನ್ನುವುದು ಸರಿಯಾಗದು. ಹರೆಯದಲ್ಲಿ ಕಷ್ಟವನ್ನು ಸ್ವಇಚ್ಛೆಯಿಂದ ವರಿಸಿದವನಿಗೆ ಬರುವ ಗಟ್ಟಿತನ ಬೇರೆ ದಾರಿಯಿಂದ ಬರುವುದಿಲ್ಲ. ಆದರೆ 'ಸ್ವಇಚ್ಛೆ' ಎಂಬ ಮಾತು ನಿಜವಾಗಬೇಕಾದರೆ ಒಲ್ಲೆನೆನ್ನುವ ಸ್ವಾತಂತ್ರ್ಯವೂ, ಹಿಂದಿರುಗುವ ಸ್ವಾತಂತ್ರ್ಯವೂ ಇರಬೇಕು. ಇಲ್ಲವಾದರೆ ಅದು ಕಾಣಿಕೆಯ ಹೆಸರು ಹೊತ್ತ ಕಂದಾಯವಾಗುತ್ತದೆ. ಮಗನನ್ನು ದೇವರಿಗೆ ಅರ್ಪಿಸಿದೆವೆಂದು ಹೆಮ್ಮೆಪಡುವ ಮನೆ, ಅವನು ಸೋತು ಬಂದ ದಿನವೂ ಅದೇ ಪ್ರೀತಿಯಿಂದ ತಟ್ಟೆ ಇಟ್ಟು ಬಡಿಸಬೇಕು. ಆ ದಿನದ ಊಟದಲ್ಲಿ ಅವರ ವಿಶ್ವಾಸದ ನಿಜಗುಣ ತಿಳಿಯುತ್ತದೆ.

ನಮಗೇನು ಸಂಬಂಧ

ಕಥೋಲಿಕರಾದ ನಾವು ಈ ವಿಷಯವನ್ನು ಹೇಗೆ ನೋಡಬೇಕು? ಭೇದವನ್ನು ಮರೆಮಾಚುವ ಅಗತ್ಯವಿಲ್ಲ. ತ್ರೈಏಕ ದೇವರ ಕುರಿತಾದ ಅವರ ತಿಳಿವಳಿಕೆ ಮೂಲದಲ್ಲೇ ಭಿನ್ನವಾಗಿರುವುದರಿಂದ ಅವರ ದೀಕ್ಷಾಸ್ನಾನವನ್ನು ಸಿಂಧುವೆಂದು ಒಪ್ಪಲಾಗದೆಂದು ವ್ಯಾಟಿಕನ್ 2001ರ ಜೂನ್‌ನಲ್ಲಿ ತಿಳಿಸಿದೆ. ಲ್ಯಾಟಿನ್ ಅಮೆರಿಕದಲ್ಲಿ, ಫಿಲಿಪ್ಪೀನ್ಸಿನಲ್ಲಿ ಅವರು ತಟ್ಟುವ ಬಾಗಿಲುಗಳಲ್ಲಿ ಹೆಚ್ಚಿನವು ನಮ್ಮವರ ಮನೆಗಳದೇ ಎಂಬುದೂ ಸತ್ಯ. ಹಾಗಿದ್ದೂ 2019ರ ಮಾರ್ಚ್ 9ರಂದು ಜಗದ್ಗುರು ಫ್ರಾನ್ಸಿಸ್‌ರವರು ರಸ್ಸೆಲ್ ನೆಲ್ಸನ್ ಅವರನ್ನು ವ್ಯಾಟಿಕನ್‌ನಲ್ಲಿ ಬರಮಾಡಿಕೊಂಡರು. ರೋಮಿನಲ್ಲಿ ಮಾರ್ಮನ್ ದೇವಾಲಯದ ಪ್ರತಿಷ್ಠಾಪನೆ ಆರಂಭವಾಗುವ ಮುನ್ನಾದಿನ ಅದು. ಮತಭೇದ ಇದ್ದಂತೆಯೇ ಇತ್ತು. ಆತಿಥ್ಯಕ್ಕೆ ಅದು ಅಡ್ಡಬರಲಿಲ್ಲ.

ನಮ್ಮ ನಾಡಿಗೂ ಈ ಸಭೆಯ ನಂಟು ಹೊಸದಲ್ಲ. 1993ರಲ್ಲಿ ಬೆಂಗಳೂರು ಅವರ ಮಿಷನ್ನಿನ ಕೇಂದ್ರವಾಯಿತು. ಭಾರತದ ಮೊದಲ ಮಾರ್ಮನ್ ದೇವಾಲಯ ಬೆಂಗಳೂರಿನಲ್ಲಿ ನಿರ್ಮಾಣಗೊಳ್ಳುವುದೆಂದು 2018ರ ಎಪ್ರಿಲ್‌ನಲ್ಲಿ ಘೋಷಣೆಯಾಗಿ, 2020ರ ಡಿಸೆಂಬರ್‌ನಲ್ಲಿ ಕೆಲಸ ಆರಂಭವಾಯಿತು. ನಮ್ಮ ದೇಶದ ತರುಣ ತರುಣಿಯರೂ ಈಗ ಆ ಕಪ್ಪು ಹೆಸರುಪಟ್ಟಿ ಧರಿಸುತ್ತಾರೆ.

ಕರಾವಳಿಯ ನಾವು ಪರದೇಶದ ಮಿಷನರಿಗಳ ಬೆವರನ್ನು ಕಂಡವರು. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಯೇಸುಸಭೆಯ ಗುರುಗಳಲ್ಲೊಬ್ಬರಾದ ವಂದನೀಯ ಅಗಸ್ಟಸ್ ಮುಲ್ಲರ್ ಮತ್ತೆ ಹಿಂದಿರುಗಲಿಲ್ಲ. ಕಂಕನಾಡಿಯಲ್ಲಿ ಬಡವರಿಗೆ ಮದ್ದು ಕೊಡುತ್ತ, ಕುಷ್ಠರೋಗಿಗಳಿಗೆ ಆಸರೆ ಕಟ್ಟಿಸಿ, 1910ರಲ್ಲಿ ಇಲ್ಲಿಯೇ ತೀರಿಕೊಂಡರು. ಅದು ಆಜೀವ ಸಮರ್ಪಣೆ. ಎರಡು ವರ್ಷದ ಸೇವೆಯನ್ನು ಅದರ ಪಕ್ಕದಲ್ಲಿಟ್ಟು ತೂಗಲಾಗದು. ಆದರೆ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರನ್ನು ನೆನೆಯಿರಿ. 1836ರಲ್ಲಿ ಮಂಗಳೂರಿಗೆ ಬಂದು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹೊರತಂದ ಅವರು, 1860ರಲ್ಲಿ ಸ್ವದೇಶಕ್ಕೆ ಮರಳಿದವರು ಮತ್ತೆ ಇತ್ತ ಬರಲಾಗಲಿಲ್ಲ. ಅವರು ಕೊಟ್ಟ ದೀಕ್ಷಾಸ್ನಾನಗಳೆಷ್ಟೆಂದು ಇಂದು ಯಾರೂ ಕೇಳುವುದಿಲ್ಲ. ಅವರು ಕನ್ನಡಕ್ಕೆ ಕೊಟ್ಟದ್ದನ್ನು ಎಲ್ಲರೂ ನೆನೆಯುತ್ತಾರೆ. ಮರಳಿದವನೆಲ್ಲ ಸೋತವನಲ್ಲ, ಎಣಿಕೆಗೆ ಸಿಕ್ಕಿದ್ದೆಲ್ಲ ಉಳಿಯುವುದೂ ಇಲ್ಲ.

ನಮ್ಮ ಮನೆಗಳಿಂದಲೂ ಹುಡುಗರು ಗುರುಮಠಕ್ಕೆ, ಹುಡುಗಿಯರು ಕನ್ಯಾಮಠಕ್ಕೆ ಹೋಗುತ್ತಾರೆ. ಕೆಲವರು ವ್ರತ ಕೈಗೊಳ್ಳುವ ಮೊದಲೇ ಇದು ತಮ್ಮ ದಾರಿಯಲ್ಲವೆಂದು ಕಂಡುಕೊಂಡು ಹಿಂದಿರುಗುತ್ತಾರೆ. ಗುರುದೀಕ್ಷೆಯ ದಿನ ಊರಿಗೆ ಊರೇ ಸೇರಿ ಹೂಮಾಲೆ ಹಾಕುವ ನಾವು, ಮರಳಿ ಬಂದವನ ಮನೆಯ ಮುಂದೆ ಹಾದುಹೋಗುವಾಗ ದನಿ ತಗ್ಗಿಸಿ ಮಾತನಾಡುತ್ತೇವಲ್ಲವೆ? ಯೂಟಾದ ತಾಯಿಯ ಸಂಕಟ ನಮ್ಮೂರ ತಾಯಿಗೂ ಇದೆ. ಆರು ವರ್ಷ ಗುರುಮಠದಲ್ಲಿ ಓದಿ ಬಂದವನು ಅಲ್ಲಿ ಕಲಿತ ಶಿಸ್ತನ್ನೂ ಪ್ರಾರ್ಥನೆಯನ್ನೂ ಊರಿಗೆ ತಂದಿರುತ್ತಾನೆ. ಅವನನ್ನು ಧರ್ಮಕೇಂದ್ರದ ಪಾಲನಾ ಮಂಡಳಿಗೆ, ಧರ್ಮೋಪದೇಶ ತರಗತಿಗೆ, ಗಾಯನ ವೃಂದಕ್ಕೆ ಕರೆದು ಕೂರಿಸುವುದು ನಮ್ಮ ಕೈಯಲ್ಲಿದೆ.

ಆದುದರಿಂದ ಧರ್ಮಕೇಂದ್ರಗಳ ಹಿರಿಯರಲ್ಲಿ, ತಂದೆತಾಯಂದಿರಲ್ಲಿ ನನ್ನ ವಿನಂತಿ ಇಷ್ಟೇ. ಮಕ್ಕಳನ್ನು ಸೇವೆಗೆ ಪ್ರೋತ್ಸಾಹಿಸಿರಿ. ಮನೆತನದ ಮರ್ಯಾದೆಯ ಭಾರವನ್ನು ಅವರ ಚೀಲದಲ್ಲಿ ಇಡಬೇಡಿರಿ. ಅವರು ಬರೆದ ಕಾಗದದಲ್ಲಿ ಎಲ್ಲವೂ ಕ್ಷೇಮವೆಂದಿದ್ದರೂ ದನಿಯಲ್ಲಿ ಏನಿದೆಯೆಂದು ಕೇಳಿಸಿಕೊಳ್ಳಿರಿ. ಮರಳಿ ಬಂದವರ ಹೆಸರನ್ನು ಮುಂದಿನ ಭಾನುವಾರವೇ ಯಾವುದಾದರೊಂದು ಕೆಲಸಕ್ಕೆ ಬರೆದುಕೊಳ್ಳಿರಿ. ಇನ್ನು, ಎಲ್ಲಿಯಾದರೂ ಆ ಇಬ್ಬರು ಪರದೇಶದ ಹುಡುಗರು ನಿಮ್ಮ ಬಾಗಿಲು ತಟ್ಟಿದರೆ ಅವರ ಬೋಧನೆಯನ್ನು ಒಪ್ಪಬೇಕಾಗಿಲ್ಲ. ನಮ್ಮ ವಿಶ್ವಾಸವನ್ನು ನಾವು ಸರಿಯಾಗಿ ತಿಳಿದಿದ್ದರೆ ಅವರ ಮಾತಿಗೆ ಅಂಜುವ ಕಾರಣವೂ ಇಲ್ಲ. ಒಂದು ಲೋಟ ತಣ್ಣೀರು ಕೊಟ್ಟು, ನಿಮ್ಮ ಊರು ಯಾವುದು ಮಗು, ಅಮ್ಮನಿಗೆ ಫೋನು ಮಾಡಿದೆಯಾ ಎಂದು ವಿಚಾರಿಸಿರಿ.